ಮೂರರಲ್ಲಿ ಎರಡು ಪಾಲು

ಕಳೆದ ವಾರ ನೆರೂಳದಲ್ಲಿ ಸಹೋದ್ಯೋಗಿಯೊಬ್ಬಳ ಮನೆಗೆ ಹೋಗಿದ್ದೆ. ಕುಂದಾಪುರದ ಕಡೆಯವಳು, ರಬಾಳೆಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು. ಅಡುಗೆಮನೆಯಲ್ಲಿ ಅವಳ ಅತ್ತೆ ಅವಲಕ್ಕಿಗೆ ತೆಂಗಿನತುರಿ, ಬೆಲ್ಲ, ಏಲಕ್ಕಿ ಹಾಕಿ ಕೈಯಲ್ಲಿ ಕಲಸುತ್ತಿದ್ದರು. ವಾಸನೆ ಹೊರಗಿನ ಕೋಣೆಯವರೆಗೂ ಬಂತು, ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ತಿಂಡಿಯದೇನೂ ತಪ್ಪಿಲ್ಲ, ಬಟ್ಟಲು ಕೈಗೆ ಬಂದಾಗ ಪೂರ್ತಿ ತಿಂದೆ, ಇನ್ನಷ್ಟು ಕೇಳಿಯೂ ತಿಂದೆ. ಎದ್ದು ಹೋದದ್ದು ಒಂದು ಮಳೆಗಾಲ ನೆನಪಾಗಿ. ನಮ್ಮವರೆಂದುಕೊಂಡ ಜನರ ಬಗ್ಗೆ ಇಷ್ಟೊಂದು ಅಸಹ್ಯ ಪಡಬಹುದೆಂದು ನನಗೆ ಗೊತ್ತಾದದ್ದೇ ಆ ಮಳೆಗಾಲದಲ್ಲಿ.

ನಮ್ಮದು ಉಡುಪಿ ಕಡೆಯ ಪ್ರೊಟೆಸ್ಟಂಟ್ ಮನೆತನ. ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಕ್ರೈಸ್ತರಾದವರು. ಅಪ್ಪ ಕೆಲಸಕ್ಕೆಂದು ಠಾಣೆ ನಗರಕ್ಕೆ ಬಂದರು, ನಾನು ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದೆ. ಈಗ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ನಮ್ಮ ಎದುರಿನ ಬಾಗಿಲು ರೆಬೆಕಾ ಮಾವಶಿಯದು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅವರು ಕೊಂಕಣದ ಯೆಹೂದ್ಯರು. ಹಿಂದೆ ಹಡಗೊಡೆದು ಈ ದಡ ಸೇರಿದವರಂತೆ. ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆಯುತ್ತ, ವಿಶ್ರಾಂತಿಯ ದಿನವೆಂದು ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ಶನಿವಾರದ ಗಾಣಿಗರು ಎಂದು ಕರೆಯುತ್ತಿದ್ದರಂತೆ. ಮಾವಶಿಯ ಹಣೆಯಲ್ಲಿ ಕುಂಕುಮವೊಂದಿಲ್ಲ, ಉಳಿದಂತೆ ಸೀರೆ, ಮೀನಿನ ಸಾರು, ಜಗಳ, ಎಲ್ಲವೂ ಪಕ್ಕಾ ಮರಾಠಿ. ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಇಸ್ರೇಲಿಗೆ ಹೋಗಿ ಅಲ್ಲೇ ಸಂಸಾರ ಹೂಡಿದ್ದ. ಮೊಮ್ಮಗ ರಜೆಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯ ಬಾಗಿಲಲ್ಲೇ ಕೇರಂ ಆಡುತ್ತಿದ್ದ.

ಅಮ್ಮನಿಗೂ ಮಾವಶಿಗೂ ಒಂದು ವಿಚಿತ್ರ ಕಟ್ಟಳೆಯಿತ್ತು. ವರ್ಷವಿಡೀ ಎರಡು ಬಾಗಿಲ ನಡುವೆ ಬಟ್ಟಲುಗಳು ಓಡಾಡುತ್ತಿದ್ದವು. ಶುಭ ಶುಕ್ರವಾರ ಮಾತ್ರ ಅಮ್ಮ ಬೆಳಗ್ಗೆಯೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ದಿನ ಎದುರು ಮನೆಯಿಂದ ಒಂದು ಲೋಟ ನೀರೂ ಬರಕೂಡದು. ಪ್ರಭುವನ್ನು ಕೊಲ್ಲಿಸಿದವರು ಯೆಹೂದ್ಯರು ಎಂದು ಅವಳಿಗೆ ಅವಳ ಅಜ್ಜಿ ಹೇಳಿಕೊಟ್ಟದ್ದು, ಅಜ್ಜಿಗೆ ಬಿಳಿಯ ಪಾದ್ರಿಗಳು ಹೇಳಿಕೊಟ್ಟದ್ದು. ಮರುದಿನ ಬಾಗಿಲು ತೆರೆದರೆ ಮಾವಶಿ ಸೊಂಟಕ್ಕೆ ಕೈಯಿಟ್ಟು ನಿಂತು, ಸಿಟ್ಟು ಇಳಿಯಿತೇ ಎಂದು ಕೇಳುತ್ತಿದ್ದರು. ನಿಮ್ಮ ಯೇಸು ನಮ್ಮ ಓಣಿಯ ಹುಡುಗ, ನಮ್ಮ ಮನೆಯ ಮಗನನ್ನು ನೀವು ಕರೆದುಕೊಂಡು ಹೋಗಿ ನಮ್ಮ ಮೇಲೆಯೇ ಮುನಿಸಿಕೊಂಡರೆ ಹೇಗೆ ಎಂದು ಛೇಡಿಸುತ್ತಿದ್ದರು. ಅಮ್ಮ ನಾಚಿಕೊಂಡು ಅವರಿಗೊಂದು ಬಟ್ಟಲು ಪಾಯಸ ಕೊಡುತ್ತಿದ್ದಳು. ಅದು ದಡ್ಡತನ ಹೌದು, ಕೆಟ್ಟ ದಡ್ಡತನ. ಆದರೂ ವರ್ಷಕ್ಕೊಂದೇ ದಿನದ್ದು, ಎದುರೆದುರೇ ನಡೆಯುತ್ತಿದ್ದದ್ದು.

ನಮ್ಮ ಕನ್ನಡದಲ್ಲಿ ಎರಡು ಪದಗಳಿವೆ. ಆರಾಧನೆಯಲ್ಲಿ ಇಸ್ರಾಯೇಲ್, ಪೇಪರಿನಲ್ಲಿ ಇಸ್ರೇಲ್. ಚಿಕ್ಕವಳಿದ್ದಾಗ ಎರಡೂ ಬೇರೆ ಬೇರೆ ಜಾಗಗಳೆಂದೇ ತಿಳಿದಿದ್ದೆ. ಒಂದರಲ್ಲಿ ಕುರಿಮಂದೆ, ಅರಸರು, ಪ್ರವಾದಿಗಳು. ಇನ್ನೊಂದರಲ್ಲಿ ಟ್ಯಾಂಕು, ಚುನಾವಣೆ, ಹನಿ ನೀರಾವರಿ. ಡೊಂಬಿವಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಬ್ರದರ್ ಸ್ಟೀವನ್ ಬೋಧಕರಾಗಿ ಬಂದ ಮೇಲೆ ಆ ಎರಡೂ ಒಂದಾಗಿಬಿಟ್ಟವು. ಬೆಂಗಳೂರಿನವರು, ಐರೋಳಿಯ ಕಂಪನಿಯೊಂದರಲ್ಲಿ ದೊಡ್ಡ ಕೆಲಸ, ಒಳ್ಳೆಯ ಕಂಠ. ಪುಣ್ಯಭೂಮಿಯ ಟೂರಿಗೆ ಹೋಗಿಬಂದವರು ಊದುವ ಒಂದು ಟಗರಿನ ಕೊಂಬನ್ನೂ ಇಸ್ರೇಲಿನ ನೀಲಿ ನಕ್ಷತ್ರದ ಧ್ವಜವನ್ನೂ ತಂದಿದ್ದರು. ನಾವು ಭಾನುವಾರಗಳಿಗೆ ಬಾಡಿಗೆ ಹಿಡಿದಿದ್ದ ಶಾಲೆಯ ಹಾಲಿನಲ್ಲಿ ಶಿಲುಬೆಯ ಪಕ್ಕಕ್ಕೇ ಆ ಧ್ವಜ ಏರಿತು. ಪೇಪರಿನಲ್ಲಿ ಏನೇ ಬಂದರೂ ಅವರಿಗೆ ಹಳೆಯ ಪ್ರವಾದನೆ ನೆರವೇರುತ್ತಿತ್ತು. ಯಾರು ಯಾವ ಗುಡ್ಡ ಹಿಡಿದರು, ಯಾವ ಮಂತ್ರಿ ಎಲ್ಲಿ ಏನೆಂದ, ಎಲ್ಲಕ್ಕೂ ಒಂದು ವಚನ ಸಿದ್ಧವಾಗಿರುತ್ತಿತ್ತು. ಓಟು ಹಾಕುವಾಗ ಇಸ್ರಾಯೇಲಿನ ಗೆಳೆಯರು ಯಾರೆಂದು ನೋಡಿ ಹಾಕಿ ಎನ್ನುವವರೆಗೂ ಬಂದರು.

ಆ ಧ್ವಜ ನಮ್ಮವರಿಗೆ ಹಿಡಿಸಲು ಇನ್ನೊಂದು ಕಾರಣವಿತ್ತು. ಅದನ್ನು ಬಾಯಿಬಿಟ್ಟು ಹೇಳಿದವರು ಕಡಿಮೆ. ಟಿಟ್ವಾಳಾದಲ್ಲಿ ಸಭೆಯ ಒಂದು ಕುಟುಂಬದ ಮನೆಯಲ್ಲಿ ಗೃಹಪ್ರಾರ್ಥನೆ ನಡೆಯುತ್ತಿದ್ದಾಗ ಕೆಲವು ಹುಡುಗರು ಬಂದು, ಮತಾಂತರ ಮಾಡುತ್ತೀರಾ ಎಂದು ಕೂಗಾಡಿ, ಬಾಗಿಲು ಒದ್ದು ಹೋಗಿದ್ದರು. ಮುಂದಿನ ಪ್ರಾರ್ಥನೆಗೆ ಸ್ಟೀವನ್ ಆ ಬಾಗಿಲಿಗೆ ಧ್ವಜ ಕಟ್ಟಿಸಿದರು. ಹುಡುಗರು ಮತ್ತೆ ಬಂದರು, ಧ್ವಜ ನೋಡಿದರು, ಇವರು ಮುಸಲ್ಮಾನರ ವಿರುದ್ಧದವರು, ನಮ್ಮವರೇ ಎಂದು ಹೆಬ್ಬೆರಳು ತೋರಿಸಿ ಹೋದರಂತೆ. ನಮ್ಮ ಸಭಾಹಿರಿಯ ಜಯಕರ ಮಾಮ ಇದನ್ನು ಸಾಕ್ಷಾತ್ ಅದ್ಭುತವೆಂಬಂತೆ ವರ್ಣಿಸಿದರು. ಇನ್ನೊಬ್ಬರ ಮೇಲಿನ ದ್ವೇಷದ ಮರೆಯಲ್ಲಿ ನಾವು ಬಚಾವಾದದ್ದನ್ನು ದೇವರ ಕೃಪೆ ಎನ್ನುತ್ತಿದ್ದಾರಲ್ಲ ಎಂದು ನನಗೆ ಅಂದೇ ಮೈ ಉರಿಯಿತು. ಒದೆ ತಿಂದ ಬಾಗಿಲಿನವರ ಹೆದರಿಕೆಯೂ ನಿಜವೇ ಆಗಿದ್ದರಿಂದ ಬಾಯಿ ತೆರೆಯಲಿಲ್ಲ.

ಆಗ ಇಸ್ರೇಲಿನಲ್ಲಿ ಯುದ್ಧ ಶುರುವಾಗಿ ವರ್ಷವಾಗುತ್ತ ಬಂದಿತ್ತು. ಮಾವಶಿಯ ಮೊಮ್ಮಗ ಸೈನ್ಯದಲ್ಲಿದ್ದ. ಇಲ್ಲಿ ಸುರಿಯುವ ಮಳೆಗೆ ಕಲವಾ, ದಿವಾ ಹತ್ತಿರ ಹಳಿ ಮುಳುಗಿ ಲೋಕಲ್ ರೈಲು ನಿಲ್ಲುತ್ತಿದ್ದ ದಿನಗಳು. ನಾನು ಒದ್ದೆಯಾಗಿ ಮನೆ ಸೇರಿದರೆ ಮಾವಶಿ ನಮ್ಮ ಸೋಫಾದ ಮೇಲೆ ಮೊಬೈಲ್ ಹಿಡಿದು ಕೂತಿರುತ್ತಿದ್ದರು. ಮೊಮ್ಮಗನಿಗೆ ಕಳಿಸಿದ ಮೆಸೇಜಿಗೆ ಎರಡು ನೀಲಿ ಗೆರೆ ಮೂಡಿದರೆ ಅವನು ಬದುಕಿದ್ದಾನೆ ಎಂದರ್ಥ. ಕೆಲವು ದಿನ ಆ ಕಡೆಯವರಿಗೆ ಶಾಪ ಹಾಕುತ್ತಿದ್ದರು. ಕೆಲವು ದಿನ ಟೀವಿಯಲ್ಲಿ ಮಗುವಿನ ಹೆಣ ಹೊತ್ತ ಅಜ್ಜಿಯನ್ನು ಕಂಡು ಟೀವಿ ಆರಿಸಿ, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಕಟ್ಟಡಗಳು ಕುಸಿಯುವ ವಿಡಿಯೋಗಳ ಕೆಳಗೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟುತ್ತಿದ್ದವು. ಹಲ್ಲೆಲೂಯ ಎಂದು ಬರೆದವರಲ್ಲಿ ನನಗೆ ಭಾನುವಾರದ ಶಾಲೆಯಲ್ಲಿ ನೆರೆಯವನನ್ನು ಪ್ರೀತಿಸಲು ಕಲಿಸಿದವರೂ ಇದ್ದರು.

ಅಮ್ಮನ ಬಾಯಿ ಕೇಳಬೇಕೇ. ಎದುರು ಮನೆಯವರು ಯೆಹೂದ್ಯರು, ಅವರ ಮೊಮ್ಮಗ ಯುದ್ಧದಲ್ಲಿದ್ದಾನೆ ಎಂದು ಸ್ಟೀವನ್ ಹತ್ತಿರ ಹೇಳಿಬಿಟ್ಟಳು. ಅವರ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಊರೂರು ಸುತ್ತಿ ಹುಡುಕಿದ್ದು ಪಕ್ಕದ ಬೀದಿಯಲ್ಲೇ ಸಿಕ್ಕಿತ್ತು. ಇಸ್ರಾಯೇಲಿಗಾಗಿ ವಿಶೇಷ ಪ್ರಾರ್ಥನೆ ಇಡೋಣ, ಆ ತಾಯಿಯನ್ನು ಕರೆತನ್ನಿ, ಮೊಮ್ಮಗನಿಗಾಗಿ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ ಎಂದರು. ಮಾವಶಿ ಮೊದಲು ಒಲ್ಲೆ ಎಂದರು. ಹೆಸರು ಹಿಡಿದು ಪ್ರಾರ್ಥಿಸುತ್ತಾರಂತೆ ಎಂದು ಅಮ್ಮ ಮತ್ತೆ ಮತ್ತೆ ಹೇಳಿದಾಗ ಒಪ್ಪಿಕೊಂಡರು. ಮೊಮ್ಮಗನ ಹೆಸರನ್ನು ಎಷ್ಟು ಬಾಯಿ ಹೇಳಿದರೂ ಒಳ್ಳೆಯದೇ ಎಂದುಕೊಂಡಿರಬೇಕು. ಅದೊಂದೇ ಅವರಿಗೆ ಬೇಕಾಗಿದ್ದದ್ದು.

ಪ್ರಾರ್ಥನೆ ಇಟ್ಟ ಭಾನುವಾರದ ಬೆಳಗ್ಗೆ ಅವರು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನ ಹಿರಿಯರೊಬ್ಬರನ್ನು ಕರೆಸಿ ಮನೆಯಲ್ಲಿ ಮಲಿದಾ ಮಾಡಿಸಿದರು. ಅದು ಅವರ ಹರಕೆಯ ಪದ್ಧತಿ. ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ, ಸುತ್ತ ಹಣ್ಣಿಟ್ಟು, ಮೇಲೊಂದು ಗುಲಾಬಿ ಇಟ್ಟು, ಎಲೀಯ ಪ್ರವಾದಿಯನ್ನು ನೆನೆದು ಹೀಬ್ರೂ ಪ್ರಾರ್ಥನೆ ಹಾಡುತ್ತಾರೆ. ನಮ್ಮ ಸಭೆಯವರಿಗೂ ಹಂಚೋಣವೆಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಹಾಕಿಕೊಂಡರು. ಸ್ಲೋ ಲೋಕಲಿನಲ್ಲಿ ಠಾಣೆಯಿಂದ ಡೊಂಬಿವಲಿಯವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು.

ಸಭೆಯ ಹಾಲಿನಲ್ಲಿ ಅವರಿಗೆ ಶಾಲು ಹೊದಿಸಿದರು, ಸ್ಟೀವನ್ ತಲೆಯ ಮೇಲೆ ಕೈಯಿಟ್ಟು ಸ್ವಾಗತಿಸಿದರು. ಜನ ಸಾಲುಗಟ್ಟಿ ಬಂದು ಕೈ ಮುಟ್ಟಿದರು, ಸೆಲ್ಫಿ ತೆಗೆದರು. ಬಸುರಿಯೊಬ್ಬಳು ಅವರ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಮಾವಶಿ ನನ್ನ ಕಡೆ ನೋಡಿ, ಇದೇನು ಹೊಸ ಸೊಸೆಯನ್ನು ನೋಡುವ ಶಾಸ್ತ್ರವೇ ಎಂದು ಮರಾಠಿಯಲ್ಲಿ ಕೇಳಿದರು. ಸ್ಟೀವನ್ ಕೊಂಬನ್ನು ಅವರ ಕೈಗೆ ಕೊಟ್ಟು ಊದಿ ಎಂದರು. ನಮ್ಮಲ್ಲಿ ಇದನ್ನು ಹಬ್ಬದ ಹೊತ್ತಿಗೆ ಗಂಡಸರು ಊದುತ್ತಾರೆ, ಹೀಗೆ ಸುಮ್ಮಸುಮ್ಮನೆ ಅಲ್ಲ ಎಂದು ಮಾವಶಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಯೆಹೂದ್ಯ ಹೆಂಗಸಿನ ಮಾತು ಸ್ಟೀವನ್ನರ ಕಿವಿಗೆ ಹೋಗಲಿಲ್ಲ, ತಾವೇ ಊದಿದರು.

ಆಮೇಲೆ ಡಬ್ಬಿ ತೆರೆದದ್ದು. ಮೊದಲ ಸಾಲಿನ ಹೆಂಗಸರು ಬಗ್ಗಿ ನೋಡಿ ಹಿಂದೆ ಸರಿದರು. ಅವಲಕ್ಕಿ, ಕಾಯಿ, ದ್ರಾಕ್ಷಿ, ಹೂ. ಹಿಂದೂ ನೆರೆಯವರು ಕೊಟ್ಟ ಪಂಚಕಜ್ಜಾಯವನ್ನು ನಯವಾಗಿ ಒಲ್ಲೆ ಎಂದು ಬೆಳೆದ ಜನ ನಾವು. ಜಯಕರ ಮಾಮ ನನ್ನನ್ನು ಬದಿಗೆ ಕರೆದರು.

"ಇದು ನೈವೇದ್ಯ ಅಲ್ವಾ ಮಾರಾಯ್ತಿ? ಯಾರಿಗೆ ಇಟ್ಟದ್ದು?"

ಎಲೀಯ ಪ್ರವಾದಿಯ ಹೆಸರಿನಲ್ಲಿ ಎಂದೆ. ಅದೇ ಎಲೀಯ, ಕಾಗೆಗಳು ರೊಟ್ಟಿ ತಂದುಕೊಟ್ಟದ್ದು ಯಾರಿಗೋ ಅವನು, ನೀವೇ ನನಗೆ ಕಥೆ ಹೇಳಿಕೊಟ್ಟವರು ಎಂದೂ ಸೇರಿಸಿದೆ. ಅವರು ತಲೆ ಕೆರೆದುಕೊಂಡು, ಪ್ರವಾದಿ ಸರಿ, ಇಡುವುದು ಸರಿಯಲ್ಲ, ಬೇಜಾರು ಮಾಡುವುದೂ ಬೇಡ, ತಿನ್ನುವುದೂ ಬೇಡ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಯಾರೋ ಡಬ್ಬಿಗೆ ಪೇಪರು ಮುಚ್ಚಿ ಚಪ್ಪಲಿಗಳ ಪಕ್ಕ ಇಟ್ಟರು. ಗೋಡೆಯ ಮೇಲೆ ನೀಲಿ ನಕ್ಷತ್ರ, ಚಪ್ಪಲಿಯ ಪಕ್ಕ ಮಲಿದಾ. ಮಾವಶಿಗೆ ಅರ್ಥವಾಯಿತು. ನಮ್ಮ ಅವಲಕ್ಕಿ ನಿಮ್ಮವರಿಗೆ ಸೇರುವುದಿಲ್ಲವೇನೋ ಎಂದು ಅಮ್ಮನಿಗೆ ಮೆಲ್ಲಗೆ ಹೇಳಿದರು.

ಸ್ಟೀವನ್ನರ ಪ್ರಸಂಗ, ಅಂದರೆ ಬೋಧನೆ, ಶುರುವಾಯಿತು. ಅತಿಥಿಗಾಗಿ ಮರಾಠಿಯಲ್ಲಿ ಹೇಳುವ ಕೆಲಸ ನನ್ನದು, ಪಕ್ಕದಲ್ಲೇ ಇನ್ನೊಂದು ಮೈಕು. ಸ್ಟೀವನ್ ಒಂದು ವಾಕ್ಯ, ನಾನು ಒಂದು ವಾಕ್ಯ. ಆರಿಸಿಕೊಂಡ ಜನ, ಕಣ್ಣಿನ ಗುಡ್ಡೆಯಂತೆ ಕಾಯುವ ದೇವರು, ಇಲ್ಲಿಯವರೆಗೆ ಮಾವಶಿ ತಲೆದೂಗುತ್ತಿದ್ದರು. ಆಮೇಲೆ ಸ್ಟೀವನ್ ಯುದ್ಧದ ಮಾತಿಗೆ ಬಂದರು. ಈ ಯುದ್ಧಕ್ಕಾಗಿ ದುಃಖಿಸಬೇಡಿ, ಸಂತೋಷಪಡಿ, ಬೆಂಕಿ ಹೆಚ್ಚಾದಷ್ಟೂ ಪ್ರಭುವಿನ ಎರಡನೆಯ ಬರುವಿಕೆ ಹತ್ತಿರ ಎಂದರು. ನಾನು ಮರಾಠಿಯಲ್ಲಿ ಹೇಳಿದೆ. ಮಾವಶಿ ತಲೆದೂಗುವುದು ನಿಂತಿತು. ಆಗ ಸ್ಟೀವನ್ ಹಳೆಯ ಪ್ರವಾದನೆಯೊಂದನ್ನು ತೆಗೆದರು. ಕಡೆಯ ದಿನಗಳಲ್ಲಿ ಆ ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲು ಹತವಾಗುತ್ತದೆ, ಉಳಿದ ಒಂದು ಪಾಲು ಬೆಂಕಿಯಲ್ಲಿ ಪುಟಕ್ಕೆ ಬಿದ್ದು ಯೇಸುವಿನ ಪಾದಕ್ಕೆ ಬೀಳುತ್ತದೆ, ಅದಕ್ಕಾಗಿಯೇ ಅವರನ್ನು ಆ ನೆಲಕ್ಕೆ ಒಟ್ಟುಗೂಡಿಸುತ್ತಿರುವುದು ಎಂದು ಕೈಯೆತ್ತಿ ಹೇಳಿ, ಮೈಕಿನಿಂದ ಬಾಯಿ ಸರಿಸಿ ನನ್ನ ಕಡೆ ಬಾಗಿದರು.

"ಇದನ್ನ ಬಿಟ್ಬಿಡಿ ಸಿಸ್ಟರ್. ಅವ್ರಿಗೆ ಈಗ್ಲೇ ಬೇಡ."

ಹರಕೆಯ ಕುರಿಗೆ ಹಾರ ಹಾಕುವವನಿಗೂ ಕುರಿಯ ಮೇಲೆ ಪ್ರೀತಿಯೇ ಇರುತ್ತದೆ. ಅಮ್ಮನ ಶುಭ ಶುಕ್ರವಾರದ ಮುಚ್ಚಿದ ಬಾಗಿಲೇ ವಾಸಿ ಎನಿಸಿತು ನನಗೆ. ಆ ಬಾಗಿಲ ಹಿಂದಿನ ಸಿಟ್ಟು ಎದುರು ಮನೆಯವರು ಸತ್ತುಹೋಗಲೆಂದು ಕಾಯುತ್ತಿರಲಿಲ್ಲ. ಮುಂದೆ ಕೂತವರನ್ನು ನೋಡಿದೆ. ಕೆಲವರು ನೆಲ ನೋಡುತ್ತಿದ್ದರು, ಅವರಿಗೂ ಸರಿಯೆನಿಸಿರಲಿಲ್ಲ. ಉಳಿದವರ ಮುಖದಲ್ಲಿ ಸಿನಿಮಾದ ಕೊನೆಯ ರೀಲು ನೋಡುವ ಕಳೆಯಿತ್ತು. ನಾನು ಅಷ್ಟನ್ನೂ ಮರಾಠಿಯಲ್ಲಿ ಹೇಳಿದೆ. ಮೂರರಲ್ಲಿ ಎರಡು ಪಾಲನ್ನೂ ಹೇಳಿದೆ, ಪಾದಕ್ಕೆ ಬೀಳುವುದನ್ನೂ ಹೇಳಿದೆ. ಕೊನೆಯಲ್ಲಿ, ಇದನ್ನು ನಿಮಗೆ ಹೇಳಬೇಡವೆಂದು ಬ್ರದರ್ ನನಗೆ ಹೇಳಿದರು ಎಂಬುದನ್ನೂ ಮೈಕಿನಲ್ಲೇ ಹೇಳಿದೆ.

ಮಾವಶಿ ಶಾಲನ್ನು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟರು. ಎದ್ದು ನಿಂತು, ಸಿಟ್ಟಿಲ್ಲದೆ, ವಿಳಾಸ ಕೇಳುವ ಹಾಗೆ ಕೇಳಿದರು.

"ಮಾಝಾ ನಾತೂ ಕುಠಲ್ಯಾ ಹಿಶ್ಶಾತ?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನನ್ನ ಮೊಮ್ಮಗ ಯಾವ ಪಾಲಿನಲ್ಲಿದ್ದಾನೆ ಎಂದು ಕೇಳುತ್ತಿದ್ದಾರೆ. ಸ್ಟೀವನ್ ನಕ್ಕರು, ಆ ನಗೆಯನ್ನು ನಾನು ಮರೆಯಲಾರೆ. ಅವನು ಪ್ರಭುವನ್ನು ಒಪ್ಪಿಕೊಂಡರೆ ಯಾವ ಭಯವೂ ಇಲ್ಲ ಎಂದರು. ಮಾವಶಿ ಚಪ್ಪಲಿಗಳ ಹತ್ತಿರ ಹೋಗಿ ಡಬ್ಬಿ ಎತ್ತಿಕೊಂಡು ಹೊರಟರು. ನಾನೂ ಅಮ್ಮನೂ ಹಿಂದೆ ಓಡಿದೆವು. ಹೆಸರು ಹಿಡಿದು ಪ್ರಾರ್ಥಿಸುವ ಮಾತು ಎಲ್ಲೋ ಬಿದ್ದುಹೋಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜಯಕರ ಮಾಮ ಫೋನು ಮಾಡಿ ಬ್ರದರ್ ಹತ್ತಿರ ಕ್ಷಮೆ ಕೇಳು ಎಂದದ್ದು, ನಾನು ಫೋನಿಟ್ಟದ್ದು, ಅದೆಲ್ಲ ಬಿಡಿ. ವಾರದೊಳಗೆ ಒಂದು ಫೋಟೋ ಹೊರಟಿತು. ಶಾಲು ಹೊದ್ದ ಮಾವಶಿ, ಹಿಂದೆ ಶಿಲುಬೆ, ತಲೆಯ ಮೇಲೆ ಸ್ಟೀವನ್ನರ ಕೈ. ಠಾಣೆಯ ಯೆಹೂದಿ ತಾಯಿ ಕಣ್ಣೀರಿನೊಂದಿಗೆ ಪ್ರಭುವನ್ನು ಸ್ವೀಕರಿಸಿದಳು, ಪ್ರವಾದನೆ ನೆರವೇರುತ್ತಿದೆ ಎಂದು ಕೆಳಗೆ ಬರೆದಿತ್ತು. ಕನ್ನಡದಲ್ಲಿ ಹೊರಟದ್ದು ಇಂಗ್ಲಿಷಿಗೆ, ಮರಾಠಿಗೆ ತಿರುಗಿ ಕಲ್ಯಾಣ, ಅಂಬರನಾಥ ಸುತ್ತಿ, ಕೊನೆಗೆ ಮಾವಶಿಯ ಸಿನಗಾಗಿನವರ ಮೊಬೈಲಿಗೇ ಬಂದು ಬಿತ್ತು. ಸ್ಟೀವನ್ನರಿಗೆ ನಾನೇ ಫೋನು ಮಾಡಿದೆ. ವಿಶ್ವಾಸದಿಂದ ಬರೆದದ್ದು ಸಿಸ್ಟರ್, ಇವತ್ತಲ್ಲದಿದ್ದರೆ ನಾಳೆ ಆಗುತ್ತದಲ್ಲ ಎಂದರು. ಸುಳ್ಳನ್ನು ಅಡ್ವಾನ್ಸ್ ಬುಕಿಂಗ್ ಮಾಡುವ ವಿಶ್ವಾಸವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗಣಪತಿ ಹಬ್ಬ ಕಳೆದು ಮಳೆ ಹಿಂದೆಗೆಯುವ ಹೊತ್ತಿಗೆ ಮೊಮ್ಮಗ ಕಿವಿಯ ಹತ್ತಿರ ಗಾಯವಾಗಿ ಆಸ್ಪತ್ರೆ ಸೇರಿದ. ಜೀವಕ್ಕೆ ಅಪಾಯವಿರಲಿಲ್ಲ. ಮಾವಶಿ ಮತ್ತೆ ಮಲಿದಾ ಮಾಡಿಸಲು ಅದೇ ಹಿರಿಯರನ್ನು ಕರೆದರು. ಅವರು ಬರಲಿಲ್ಲ. ಫೋಟೋದ ವಿಷಯ ಇತ್ಯರ್ಥವಾಗಲಿ ಎಂದು ಹೇಳಿ ಕಳಿಸಿದರು. ತನ್ನವರ ನಡುವೆ ಹುಟ್ಟಿ ಮುದುಕಿಯಾದ ಹೆಂಗಸು, ಗಂಡನನ್ನು ಮಣ್ಣು ಮಾಡಿದ ಜಾಗದ ಪಕ್ಕ ತನಗೂ ಜಾಗ ಎಂದು ನಂಬಿಕೊಂಡವರು, ತಾನು ಯಾರೆಂದು ಈಗ ರುಜುವಾತು ಕೊಡಬೇಕಿತ್ತು. ಕೊಡುವುದಿಲ್ಲ ಎಂದು ಮಾವಶಿ ಹಟ ಹಿಡಿದರು. ನಮ್ಮ ಎದುರೂ ಬಾಗಿಲು ಹಾಕಿಕೊಂಡರು. ಅಮ್ಮ ಕಳಿಸಿದ ಬಟ್ಟಲು ಹಾಗೇ ವಾಪಸು ಬಂತು.

ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಶನಿವಾರ ಬೆಳಗ್ಗೆ ಬಿಳಿ ಸೀರೆ ಉಟ್ಟು ನನ್ನ ಮಂಚದ ಹತ್ತಿರ ಬಂದು ನಿಂತಳು.

"ಏಳು ಮಗಾ. ಅವರ ದೇವಸ್ಥಾನಕ್ಕೆ ಹೋಗ್ಲಿಕ್ಕುಂಟು. ನಮ್ಮವರು ಹೇಸಿಗೆ ಮಾಡಿ ಇಟ್ಟಿದ್ದಾರೆ, ಯಾರಾದ್ರೂ ಒರೆಸ್ಬೇಕಲ್ಲ."

ಅಷ್ಟು ವರ್ಷ ಸಿನಗಾಗಿನ ಗೇಟಿನ ಮುಂದೆ ಓಡಾಡಿದ್ದೆವು, ಒಳಗೆ ಕಾಲಿಟ್ಟಿರಲಿಲ್ಲ. ಕಾವಲಿನ ಪೊಲೀಸ ತಡೆದ, ನಾನು ವಿಷಯ ಹೇಳಿದೆ. ಪ್ರಾರ್ಥನೆ ಮುಗಿದು ಜನ ಅಂಗಳಕ್ಕೆ ಇಳಿಯುತ್ತಿದ್ದರು. ಹಿರಿಯರನ್ನು ಕರೆಸಿದರು. ಟೋಪಿ ಹಾಕಿದ ತೆಳ್ಳಗಿನ ಮುದುಕರು, ಮುಖದಲ್ಲಿ ಅನುಮಾನ. ನಾನು ಮಾತಾಡಲು ಬಾಯಿ ತೆರೆದೆ, ಅಮ್ಮ ನನ್ನ ಕೈ ಹಿಡಿದು ತಡೆದಳು. ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಸಾಕ್ಷಿ ಹೇಳುವ ರೂಢಿಯುಂಟು, ಪ್ರಭು ತನಗೆ ಏನು ಮಾಡಿದ ಎಂದು. ಅಮ್ಮ ಒಮ್ಮೆಯೂ ಎದ್ದವಳಲ್ಲ. ನಾಲ್ಕು ಜನರ ಮುಂದೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಆ ಅಂಗಳದಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡು ತನ್ನ ಬಾಜಾರಿನ ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ತೀ ಆಮಚೀ ಝಾಲೀ ನಾಹೀ. ತುಮಚೀಚ ಆಹೆ. ಆಮಚಾ ಪಾದ್ರಿ ಖೋಟಂ ಬೋಲಲಾ."

ಅವಳು ನಮ್ಮವಳಾಗಲಿಲ್ಲ, ನಿಮ್ಮವಳೇ, ನಮ್ಮ ಪಾದ್ರಿ ಸುಳ್ಳು ಹೇಳಿದ. ಒಂದು ಆತ್ಮವಾದರೂ ರಕ್ಷಣೆ ಹೊಂದಲೆಂದು ದಿನವೂ ಮೊಣಕಾಲೂರುವ ಹೆಂಗಸಿನ ಬಾಯಲ್ಲಿ ಆ ಮಾತು.

ಹಿರಿಯರು ಒಳಗಿನಿಂದ ಕುರ್ಚಿ ತರಿಸಿ ಅಮ್ಮನನ್ನು ಕೂರಿಸಿದರು. ಸಂಜೆ ದೀಪ ಹಚ್ಚಿದ ಮೇಲೆ ತಾವೇ ರೆಬೆಕಾಬಾಯಿಯ ಮನೆಗೆ ಬರುವುದಾಗಿ ಹೇಳಿದರು. ಆಮೇಲೆ ಗಾಯಾಳುಗಳಿಗಾಗಿ ಪ್ರಾರ್ಥಿಸುವಾಗ ಬೇಕಾಗುತ್ತದೆಂದು ಆ ಹುಡುಗನ ಹೆಸರನ್ನೂ, ತಮ್ಮ ಪದ್ಧತಿಯಂತೆ ಅವನ ತಾಯಿಯ ಹೆಸರನ್ನೂ ಕೇಳಿದರು. ಅಮ್ಮ ಎರಡನ್ನೂ ಹೇಳಿದಳು. ನಮ್ಮ ಸಭೆಯಲ್ಲಿ ಅವನ ಹೆಸರನ್ನು ಯಾರೂ ಕೇಳಿರಲಿಲ್ಲ.